ಫ್ರೆಂಚರ ಸುಖಶಾಸ್ತ್ರ

ಮನುಷ್ಯನ ಸ್ವಭಾವವನ್ನು ಪರೀಕ್ಷಿಸಲು ಊಟದ ಪಂಕ್ತಿ, ವಿವಾಹ, ಪ್ರವಾಸ ಈ ಮೂರಕ್ಕಿಂತ ನಿಷ್ಠುರವಾದ ಒರೆಗಲ್ಲು ಬೇರೆ ಇಲ್ಲವೆಂಬುದನ್ನು ಅನುಭವಸ್ಥರು ಬಲ್ಲರು. ಮೂರನ್ನೂ ಏಕಕಾಲದಲ್ಲಿ, ಅದರಲ್ಲಿಯೂ ಫ್ರಾನ್ಸ್ ದೇಶದಲ್ಲಿ, ಅನುಭವಿಸುವ ಯೋಗ ಒದಗಿದ ದಂಪತಿಗಳಿಗಂತೂ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಫ್ರೆಂಚರು ಸುಖಪ್ರಿಯರೆಂಬ ಕೀರ್ತಿ ಲೋಕದಲ್ಲೆಲ್ಲ ಹಬ್ಬಿದೆ. ಕೀರ್ತಿ ಸುಳ್ಳಲ್ಲ. ಆದರೆ ಸುಖಪ್ರಿಯರೆಂದೊಡನೆ ನಮ್ಮ ಮನಸ್ಸಿಗೆ ತೋರುವ ಸ್ವಚ್ಛಂದವೃತ್ತಿಯನ್ನೂ ಆಲಸ್ಯವನ್ನೂ ಅಲ್ಲಿ ಹುಡುಕಹೊರಟವನು ನಿರಾಶನಾಗಿ ಹಿಂದಿರುಗಬೇಕಾದೀತು. ನನ್ನ ಹೆಂಡತಿಯೊಡನೆ ಆ ದೇಶದ ಊರೂರುಗಳಲ್ಲಿ ಸುತ್ತುತ್ತಿದ್ದಾಗ ನಾನು ಮತ್ತೆ ಮತ್ತೆ ಮನಗಂಡ ಸಂಗತಿಯೆಂದರೆ, ಅಲ್ಲಿ ಸುಖಕ್ಕೆ ಕಾಲವುಂಟು, ಕ್ರಮವುಂಟು, ವಿಧಿನಿಷೇಧಗಳುಂಟು; ಕೆಲವೆಡೆಗಳಲ್ಲಿ ಸರ್ಕಾರದ ಶಾಸನವೂ ಉಂಟು.

ಮೊದಲು ಪ್ರವಾಸದ ವಿಚಾರ. ಫ್ರಾನ್ಸಿನಲ್ಲಿ ದಾರಿಯೂ ಊಟವೂ ಎಷ್ಟು ನಿಕಟವಾಗಿ ಹೆಣೆದುಕೊಂಡಿವೆಯೆಂಬುದಕ್ಕೆ ಕೆಂಪು ಹೊದಿಕೆಯ ಒಂದು ಪುಸ್ತಕವೇ ಸಾಕ್ಷಿ. ಕ್ಲೆರ್ಮೋ-ಫೆರಾಂ ಎಂಬ ಊರಿನಲ್ಲಿ ಟೈರುಗಳನ್ನು ತಯಾರಿಸುತ್ತಿದ್ದ ಆಂದ್ರೆ ಮತ್ತು ಎದ್ವಾರ್ ಮಿಶೆಲಿನ್ ಎಂಬ ಸಹೋದರರು, ಇಡೀ ದೇಶದಲ್ಲಿ ಮೂರು ಸಾವಿರ ಮೋಟಾರು ಗಾಡಿಗಳೂ ಇಲ್ಲದಿದ್ದ 1900ನೆಯ ಇಸವಿಯಲ್ಲಿ, ಒಂದು ಕೈಪಿಡಿಯ 35,000 ಪ್ರತಿಗಳನ್ನು ಅಚ್ಚುಮಾಡಿಸಿ ಪುಕ್ಕಟೆಯಾಗಿ ಹಂಚಿದರು. ಟೈರನ್ನು ಬದಲಿಸುವ ಬಗೆ, ಪೆಟ್ರೋಲು ದೊರೆಯುವ ಸ್ಥಳ, ತಂಗಲು ಯೋಗ್ಯವಾದ ಹೋಟೆಲುಗಳು ಇವೇ ಅದರ ವಿಷಯ. ಜನ ತಿರುಗಾಡಿದಷ್ಟೂ ಟೈರು ಸವೆಯುತ್ತದೆ, ಸವೆದಷ್ಟೂ ಮಾರಾಟವಾಗುತ್ತದೆ ಎಂಬ ವ್ಯಾಪಾರಬುದ್ಧಿಯಿಂದ ಹುಟ್ಟಿದ ಆ ಕೈಪಿಡಿ, 1926ರಲ್ಲಿ ಒಳ್ಳೆಯ ಊಟ ದೊರೆಯುವ ಮನೆಗಳಿಗೆ ನಕ್ಷತ್ರಗಳನ್ನು ಕೊಡಲಾರಂಭಿಸಿತು. ಮುಂದೆ ಕೆಲವು ವರ್ಷಗಳಲ್ಲಿ ನಕ್ಷತ್ರಗಳು ಮೂರಾದುವು. ಎರಡು ನಕ್ಷತ್ರಗಳ ಊಟಕ್ಕಾಗಿ ಹಿಡಿದ ದಾರಿಯನ್ನು ಬಿಟ್ಟು ಸುತ್ತಿಕೊಂಡು ಹೋಗಬಹುದು. ಮೂರು ನಕ್ಷತ್ರಗಳದ್ದಾದರೆ ಆ ಊಟವೊಂದಕ್ಕಾಗಿಯೇ ಮನೆಯಿಂದ ಹೊರಡಬಹುದು. ಉಣ್ಣುವುದಕ್ಕಾಗಿಯೇ ಪ್ರಯಾಣವೆಂಬ ಈ ಕಲ್ಪನೆಯನ್ನು ಒಬ್ಬ ಕವಿಯಲ್ಲದೆ ಟೈರಿನ ವ್ಯಾಪಾರಿ ಲೋಕಕ್ಕೆ ಕೊಟ್ಟನೆಂಬುದು ಫ್ರಾನ್ಸಿನಲ್ಲಿ ಮಾತ್ರ ಆಶ್ಚರ್ಯವಲ್ಲ. ಹಳ್ಳಿಯಲ್ಲಿ ಹುಟ್ಟಿ, ಬಾಲ್ಯದಲ್ಲಿ ಹೊಲಮನೆಗಳ ಚಾಕರಿ ಮಾಡಿ ಬೆಳೆದ ಯೂಜೆನಿ ಬ್ರಾಜಿಯೆ ಎಂಬ ಹೆಂಗಸು ಲಿಯೋಂ ನಗರದಲ್ಲಿಯೂ ಅದರ ಸಮೀಪದ ಬೆಟ್ಟದಲ್ಲಿಯೂ ನಡೆಸುತ್ತಿದ್ದ ಎರಡು ಭೋಜನಗೃಹಗಳಿಗೆ 1933ರಲ್ಲಿ ಮೂರು ಮೂರು ನಕ್ಷತ್ರಗಳು ದೊರೆತುವು. ಸಿಂಹಾಸನವೇರಿದವರಿಗೂ ದುರ್ಲಭವಾದ ಗೌರವ ಅಲ್ಲಿ ಸೌಟು ಹಿಡಿದವಳಿಗೆ ಸಂದಿತು.

ಶ್ರೀಮಂತರ ಸೊತ್ತಾಗಿದ್ದ ಪ್ರವಾಸಸುಖವನ್ನು ಸಾಮಾನ್ಯರಿಗೆ ಹಂಚಿದ್ದು 1936ರ ಜೂನ್ ತಿಂಗಳ ಶಾಸನ. ಲೆಯೋಂ ಬ್ಲುಮ್ ಪ್ರಧಾನಿಯಾಗಿದ್ದ ಜನತಾರಂಗದ ಸರ್ಕಾರ ಕೂಲಿಕಾರರಿಗೂ ಗುಮಾಸ್ತರಿಗೂ ವರ್ಷಕ್ಕೆ ಎರಡು ವಾರಗಳ ಸಂಬಳಸಹಿತವಾದ ರಜೆಯನ್ನು ವಿಧಿಸಿತು. ಲೆಯೊ ಲಾಗ್ರಾಂಜ್ ಎಂಬ ಉಪಮಂತ್ರಿ ಅವರಿಗಾಗಿ ರೈಲಿನ ದರವನ್ನು ಇಳಿಸಿದನು. ಕಡಲನ್ನೇ ಕಾಣದಿದ್ದ ಗಿರಣಿಯ ಜನ ಬೈಸಿಕಲ್ಲುಗಳಲ್ಲಿ, ಮೂರನೆಯ ದರ್ಜೆಯ ಬಂಡಿಗಳಲ್ಲಿ ಕಡಲಿನೆಡೆಗೆ ಹೊರಟರು. ಎರಡು ವಾರಗಳು ಕಾಲಕ್ರಮದಲ್ಲಿ ಬೆಳೆದು 1982ರಲ್ಲಿ ಐದಾದುವು. ಪ್ಯಾರಿಸ್ಸಿನಿಂದ ಹೊರಟು ಲಿಯೋಂ, ವಾಲಾಂಸ್, ಆವಿನ್ಯೋಂ ಊರುಗಳನ್ನು ಹಾದು ಇಟಲಿಯ ಗಡಿಯ ಮಾಂತೋಂ ಪರ್ಯಂತ ಸುಮಾರು ಸಾವಿರ ಕಿಲೋಮೀಟರು ಸಾಗುತ್ತಿದ್ದ ಏಳನೆಯ ರಾಷ್ಟ್ರೀಯ ಹೆದ್ದಾರಿ, ಇಂದು ವೇಗದ ಹೊಸ ರಸ್ತೆಗಳು ಬಂದ ತರುವಾಯವೂ, ಹಳಬರ ಬಾಯಲ್ಲಿ ರಜೆಯ ದಾರಿಯೆಂದೇ ಉಳಿದಿದೆ. ಆ ದಾರಿಯಲ್ಲಿ ಮೊಂತೆಲಿಮಾರ್ ಎಂಬ ಊರು ಬಾದಾಮಿ, ಜೇನು, ಮೊಟ್ಟೆಯ ಬಿಳಿ ಇವುಗಳಿಂದ ಮಾಡುವ ನುಗಾ ಎಂಬ ಮಿಠಾಯಿಯನ್ನು ನಿಂತ ಗಾಡಿಗಳವರಿಗೆಲ್ಲ ಮಾರಿ ಇನ್ನಷ್ಟು ಪ್ರಸಿದ್ಧವಾಯಿತು. ಆಗಸ್ಟ್ ತಿಂಗಳು ಬಂದಿತೆಂದರೆ ಪ್ಯಾರಿಸ್ಸಿನ ಮನೆಗಳೂ ಅಂಗಡಿಗಳೂ ಬಾಗಿಲಿಕ್ಕಿಕೊಳ್ಳುತ್ತವೆ. ಊರೆಲ್ಲ ರಜೆ ಹೋದರೂ ಉಳಿದವರಿಗೆ ರೊಟ್ಟಿ ತಪ್ಪಬಾರದೆಂದು, ಅಲ್ಲಿಯ ರೊಟ್ಟಿಯಂಗಡಿಯವರು ಸರದಿಯ ಮೇಲೆಯೇ ರಜೆ ಪಡೆಯಬೇಕೆಂಬ ಕಟ್ಟಳೆ ಮಹಾಕ್ರಾಂತಿಯ ಕಾಲದಿಂದ ಈಚಿನವರೆಗೂ ಜಾರಿಯಲ್ಲಿತ್ತು.

ಊಟಕ್ಕೆ ಕಾಲವುಂಟೆಂದೆನಷ್ಟೆ. ಹಳ್ಳಿಪಳ್ಳಿಗಳಲ್ಲಿ ಆ ಕಾಲ ಮಧ್ಯಾಹ್ನ ಹನ್ನೆರಡರಿಂದ ಎರಡು ಗಂಟೆಯವರೆಗೆ. ಬರ್ಗಂಡಿ ಪ್ರಾಂತದ ಒಂದು ಚಿಕ್ಕ ಊರಿಗೆ ನಮ್ಮ ಬಸ್ಸು ತಡವಾಗಿ ತಲಪಿ, ನಾವು ಅಲ್ಲಿಯ ಭೋಜನಶಾಲೆಯೊಂದರ ಹೊಸ್ತಿಲನ್ನು ತುಳಿದಾಗ ಎರಡು ಕಾಲಾಗಿತ್ತು. ಒಳಗೆ ಮೇಜುಗಳ ಮುಂದೆ ಜನ ಇನ್ನೂ ಕುಳಿತಿದ್ದರು, ಬೆಣ್ಣೆಯಲ್ಲಿ ಹುರಿದ ಬೆಳ್ಳುಳ್ಳಿಯ ವಾಸನೆ ಇನ್ನೂ ಗಾಳಿಯಲ್ಲಿತ್ತು; ಆದರೆ ಯಜಮಾನಿ ಅತ್ಯಂತ ಸೌಜನ್ಯದಿಂದ, ಅಡಿಗೆಮನೆ ಮುಚ್ಚಿದೆ, ಸಂಜೆ ಏಳೂವರೆಗೆ ದಯಮಾಡಿಸಬೇಕು ಎಂದಳು. ಹಣದ ಆಸೆಯಾಗಲಿ ದೂರದ ಅತಿಥಿಗಳೆಂಬ ಮರುಕವಾಗಲಿ ಆ ಸೌಜನ್ಯವನ್ನು ಕದಲಿಸಲಾರವೆಂಬುದು ಅವಳ ಮುಖದಲ್ಲಿಯೇ ಬರೆದಿತ್ತು. “ಹಸಿವಿಗೂ ಇವರು ಟೈಮ್ ಟೇಬಲ್ ಹಾಕಿದಾರೇನ್ರೀ?” ಎಂದು ನನ್ನಾಕೆ ಗೊಣಗಿ, ಎದುರಿನ ಇಗರ್ಜಿಯ ಮೆಟ್ಟಿಲ ಮೇಲೆ ಕುಳಿತು, ಕೈಚೀಲದಿಂದ ಅವಲಕ್ಕಿಯನ್ನೂ ಚಟ್ನಿಪುಡಿಯನ್ನೂ ತೆಗೆದಳು. ಅದೇ ಹಾದಿಯಾಗಿ ಬರುತ್ತಿದ್ದ ಮುದುಕನೊಬ್ಬ ನಮ್ಮನ್ನೂ, ಇಗರ್ಜಿಯ ಗಡಿಯಾರವನ್ನೂ ಒಮ್ಮೆ ನೋಡಿ, ಅಕಾಲಭೋಜನಕ್ಕಾಗಿ ಮರುಗಿದವನಂತೆ ತಲೆಯಾಡಿಸಿದರೂ, ಟೋಪಿಯನ್ನು ತೆಗೆದು “ಬೊನ್ ಆಪೆತೀ” ಎಂದು ಹರಸಿಯೇ ಮುಂದೆ ಹೋದನು. ಉಣ್ಣುತ್ತಿರುವ ಅಪರಿಚಿತನಿಗೂ ಹಸಿವು ಚೆನ್ನಾಗಿರಲೆಂದು ಹಾರೈಸದೆ ಹಾದುಹೋಗುವುದು ಅಲ್ಲಿ ಅಸಭ್ಯತೆ.

ಕಾಲದ ತರುವಾಯ ಕ್ರಮ. 2010ರಲ್ಲಿ ಯುನೆಸ್ಕೊ ಸಂಸ್ಥೆ ಫ್ರೆಂಚರ ವಿಶೇಷಭೋಜನದ ಪದ್ಧತಿಯನ್ನು ಮಾನವಕುಲದ ಅಮೂರ್ತ ಪರಂಪರೆಗಳ ಪಟ್ಟಿಗೆ ಸೇರಿಸಿತು. ಆ ಗೌರವ ಯಾವುದೋ ಒಂದು ಭಕ್ಷ್ಯಕ್ಕೆ ಸಂದುದಲ್ಲ. ಬಂಧುಮಿತ್ರರು ಕೂಡಿ ಕುಳಿತು ಉಣ್ಣುವ ವಿಧಾನಕ್ಕೆ ಸಂದುದು. ಮೊದಲು ಪಾನೀಯ, ಅನಂತರ ಉಪಕ್ರಮದ ಒಂದು ತಿನಿಸು, ಮುಖ್ಯಭಕ್ಷ್ಯ, ಅದರ ಹಿಂದೆ ಹಸಿರೆಲೆಗಳ ಸಾಲಡ್, ಚೀಸ್, ಸಿಹಿ, ಕಡೆಯಲ್ಲಿ ಕಾಫಿ. ಚೀಸನ್ನು ಸಿಹಿಯ ತರುವಾಯ ಕೇಳಿದವನನ್ನು ಬಡಿಸುವವನು ಕನಿಕರದಿಂದ ನೋಡುತ್ತಾನೆ. ಕೈಗಳೆರಡೂ ಮೇಜಿನ ಮೇಲೆ ಕಾಣುವಂತಿರಬೇಕು. ರೊಟ್ಟಿಯನ್ನು ತಟ್ಟೆಯ ಪಕ್ಕದಲ್ಲಿ ಮೇಜುವಸ್ತ್ರದ ಮೇಲೆಯೇ ಇಡಬೇಕು. ಅದನ್ನು ಕೈಯಿಂದ ಮುರಿಯಬೇಕೇ ಹೊರತು ಚಾಕುವಿನಿಂದ ಕೊಯ್ಯಬಾರದು. ತ್ರಿಕೋಣಾಕಾರದ ಚೀಸಿನ ತುದಿಯನ್ನು ತನಗೆಂದು ಕತ್ತರಿಸಿಕೊಳ್ಳುವುದು ಮಹಾಪರಾಧ, ಏಕೆಂದರೆ ರುಚಿಯೆಲ್ಲ ಮಧ್ಯಭಾಗದ ಆ ತುದಿಯಲ್ಲಿದ್ದು, ಎಲ್ಲರಿಗೂ ಅದರಲ್ಲಿ ಪಾಲು ದೊರೆಯುವಂತೆ ಉದ್ದುದ್ದವಾಗಿ ಕೊಯ್ಯುವುದೇ ನ್ಯಾಯ.

ಶಾಕಾಹಾರಿಯಾದ ಕನ್ನಡಿಗನಿಗೆ ಇದೆಲ್ಲ ಕ್ರಮದ ನಡುವೆ ತಿನ್ನಲು ಏನಾದರೂ ಸಿಕ್ಕುವುದೇ ಎಂಬ ಪ್ರಶ್ನೆ ಸಹಜ. ಮಾಂಸ ಬೇಡವೆಂದು ಸ್ಪಷ್ಟಪಡಿಸಿದ ಮೇಲೆಯೂ ಹಂದಿಯ ಮಾಂಸದ ಸಣ್ಣ ಚೂರುಗಳನ್ನು ಉದುರಿಸಿದ ಸಾಲಡ್ ಬಂದು, ಅದೇನೆಂದು ಕೇಳಿದರೆ, ಇಷ್ಟು ಸಣ್ಣದನ್ನು ಮಾಂಸವೆನ್ನಬಹುದೇ ಎಂಬ ಆಶ್ಚರ್ಯ ಬಡಿಸುವವನ ಮುಖದಲ್ಲಿ ಮೂಡುವುದುಂಟು. ಆದರೂ ದೇಶ ದೊಡ್ಡದು. ನೀಸ್ ನಗರದಲ್ಲಿ ಕಡಲೆಯ ಹಿಟ್ಟು, ನೀರು, ಆಲಿವ್ ಎಣ್ಣೆ ಇವುಗಳನ್ನು ಕಲಸಿ ಸೌದೆಯ ಒಲೆಯಲ್ಲಿ ಬೇಯಿಸಿದ ಸೊಕ್ಕಾ ಎಂಬ ತಿನಿಸನ್ನು ಬೀದಿಯಲ್ಲಿ ನಿಂತು ತಿನ್ನಬಹುದು. ಪ್ರೊವಾಂಸ್ ಪ್ರಾಂತದಲ್ಲಿ ಬದನೆ, ಟೊಮ್ಯಾಟೊ, ದೊಣ್ಣೆಮೆಣಸಿನಕಾಯಿಗಳನ್ನು ಮೆಲ್ಲನೆ ಬೇಯಿಸಿದ ರಾತಾತುಯ್ ಉಂಟು. ಒಬ್ರಾಕ್ ಪ್ರಸ್ಥಭೂಮಿಯಲ್ಲಿ ಆಲೂಗೆಡ್ಡೆಯನ್ನು ಅರೆದು, ಹೊಸ ಚೀಸನ್ನು ಬೆರೆಸಿ, ಸೌಟಿನಿಂದೆತ್ತಿದರೆ ಮೊಳಗಟ್ಟಲೆ ಎಳೆಯೇಳುವಂತೆ ಕಲಸಿದ ಅಲಿಗೋ ಉಂಟು. ಬ್ರಿತಾನಿಯಲ್ಲಿಯಂತೂ ದುಂಡನೆಯ ಕಬ್ಬಿಣದ ಹಂಚಿನ ಮೇಲೆ ಬಕ್‌ವೀಟ್ ಹಿಟ್ಟನ್ನು ತೆಳ್ಳಗೆ ಹರಡಿ ಮಡಿಸಿಕೊಡುವ ಗಾಲೆತ್ತನ್ನು ಕಂಡೊಡನೆ, ಇದು ದೂರದ ನೆಂಟರ ಮನೆಯಲ್ಲಿ ಬೆಳೆದ ನಮ್ಮ ದೋಸೆಯೇ ಸರಿ ಎಂದು ನನ್ನಾಕೆ ತೀರ್ಪಿತ್ತಳು. ಚಟ್ನಿಯಿಲ್ಲದ ಕೊರತೆಯನ್ನು ಮಾತ್ರ ಕ್ಷಮಿಸಲಿಲ್ಲ. ದಾಂಪತ್ಯಕ್ಕೆ ಸಂಕಟ ಬಂದದ್ದು ಚೀಸಿನಿಂದ. ಸಾಂಪ್ರದಾಯಿಕ ಚೀಸುಗಳಲ್ಲಿ ಬಹುಪಾಲಿಗೆ ಹಾಲನ್ನು ಒಡೆಯಲು ಕರುವಿನ ಜಠರದ ರೆನೆಟ್ ಎಂಬ ವಸ್ತು ಬೇಕು. ಈ ಸಂಗತಿ ತಿಳಿದ ಕ್ಷಣದಿಂದ ಆಕೆ ಪ್ರತಿಯೊಂದು ಅಂಗಡಿಯಲ್ಲಿಯೂ ಅದನ್ನು ವಿಚಾರಿಸಬೇಕೆನ್ನುವಳು; ನಾನು ಯಾವ ಅಂಗಡಿಯಲ್ಲಿಯೂ ವಿಚಾರಿಸಬಾರದೆನ್ನುವೆನು. ಕೊನೆಗೆ, ಆಕೆ ವಿಚಾರಿಸುವಾಗ ನಾನು ಅಂಗಡಿಯ ಹೊರಗೆ ನಿಲ್ಲತಕ್ಕದ್ದೆಂದು ಒಪ್ಪಂದವಾಯಿತು.

ಯಾವ ಸಂದೇಹಕ್ಕೂ ಆಸ್ಪದವಿಲ್ಲದೆ ನಮ್ಮಿಬ್ಬರನ್ನೂ ಪೋಷಿಸಿದ್ದು ರೊಟ್ಟಿ. 1993ರ ಸರ್ಕಾರಿ ಆಜ್ಞೆಯ ಪ್ರಕಾರ ‘ಫ್ರೆಂಚ್ ಸಂಪ್ರದಾಯದ ರೊಟ್ಟಿ’ಯೆಂದು ಮಾರತಕ್ಕ ವಸ್ತುವಿನ ಕಣಕವನ್ನು ಯಾವ ಹಂತದಲ್ಲಿಯೂ ಶೈತ್ಯದಲ್ಲಿ ಹೆಪ್ಪುಗಟ್ಟಿಸಕೂಡದು, ಗೋಧಿಹಿಟ್ಟು, ನೀರು, ಉಪ್ಪು, ಹುದುಗು ಇವೇ ಅದರ ಮುಖ್ಯದ್ರವ್ಯಗಳಾಗಿರಬೇಕು. ಹಿಟ್ಟನ್ನು ನಾದುವುದರಿಂದ ಹಿಡಿದು ಸುಡುವವರೆಗೆ ಎಲ್ಲವನ್ನೂ ಅದೇ ಸ್ಥಳದಲ್ಲಿ ಮಾಡದವನು ‘ಬೂಲಾಂಜೆರಿ’ ಎಂಬ ಫಲಕವನ್ನು ತೂಗುಹಾಕುವಂತಿಲ್ಲವೆಂದು 1998ರ ಶಾಸನ ವಿಧಿಸಿತು. ಸುಮಾರು ಕಾಲು ಕಿಲೋ ತೂಕದ ಉದ್ದನೆಯ ಬಾಗೆತ್ ರೊಟ್ಟಿಯ ಕುಶಲಕಲೆಗೆ 2022ರಲ್ಲಿ ಯುನೆಸ್ಕೊದ ಮನ್ನಣೆಯೂ ದೊರೆಯಿತು. ಇಷ್ಟೆಲ್ಲ ಶಾಸನಗಳಿಂದ ರಕ್ಷಿತವಾದ ಆ ರೊಟ್ಟಿಯನ್ನು ಕೊಂಡವನು ಮನೆ ತಲಪುವುದರೊಳಗಾಗಿ ಅದರ ತುದಿಯನ್ನು ಮುರಿದು ತಿಂದೇಬಿಡುತ್ತಾನೆ. ಬೀದಿಯಲ್ಲಿ ನಡೆಯುತ್ತ ತಿನ್ನುವುದನ್ನು ಒಪ್ಪದ ಆ ಸಮಾಜ ಈ ಒಂದು ಸಡಿಲಿಕೆಯನ್ನು ನ್ಯಾಯಾಧೀಶನಿಗೂ ಶಾಲೆಯ ಹುಡುಗನಿಗೂ ಸಮಾನವಾಗಿ ದಯಪಾಲಿಸಿದೆ.

ನಮ್ಮ ನಾಡಿನವರು ಫ್ರೆಂಚರೊಡನೆ ಪಂಕ್ತಿಗೆ ಕುಳಿತ ಚರಿತ್ರೆ ಹಳೆಯದು. ಇಂಗ್ಲಿಷರ ವಿರುದ್ಧ ಸಹಾಯವನ್ನರಸಿ ಟಿಪ್ಪುಸುಲ್ತಾನನು ಶ್ರೀರಂಗಪಟ್ಟಣದಿಂದ ಕಳುಹಿಸಿದ ಮೂವರು ರಾಯಭಾರಿಗಳು 1788ರ ಜೂನ್ ತಿಂಗಳಲ್ಲಿ ತೂಲೋಂ ಬಂದರಿನಲ್ಲಿಳಿದು, ಆಗಸ್ಟಿನಲ್ಲಿ ವರ್ಸಾಯಿಯ ಅರಮನೆಯಲ್ಲಿ ಹದಿನಾರನೆಯ ಲೂಯಿಯ ದರ್ಶನ ಪಡೆದರು. ಅವರ ಚಿತ್ರಗಳನ್ನು ಬರೆದ ಪ್ರಸಿದ್ಧ ಚಿತ್ರಕಾರ್ತಿ ವಿಜೇ ಲ ಬ್ರಾಂ, ಅವರು ತನ್ನನ್ನು ಊಟಕ್ಕೆ ಕರೆದಾಗ ಭಕ್ಷ್ಯಗಳನ್ನೆಲ್ಲ ನೆಲದ ಮೇಲೆ ಇಟ್ಟಿದ್ದರೆಂದೂ, ಕೈಯಿಂದಲೇ ತೆಗೆದು ಬಡಿಸಿದರೆಂದೂ, ಮಸಾಲೆ ಬಲವಾಗಿತ್ತೆಂದೂ ತನ್ನ ಸ್ಮರಣೆಗಳಲ್ಲಿ ದಾಖಲಿಸಿದ್ದಾಳೆ. ಸೈನ್ಯವನ್ನು ಕೇಳಹೋದ ಆ ರಾಯಭಾರಿಗಳಿಗೆ ದೊರೆತದ್ದು ಸೇವ್ರ್ ಕಾರ್ಖಾನೆಯ ಸುಂದರವಾದ ಪಿಂಗಾಣಿಯ ಉಡುಗೊರೆ. ರಾಜಕಾರಣದಲ್ಲಿ ಅದು ಸೋಲು. ಫ್ರೆಂಚರ ಮರ್ಯಾದೆಯ ದೃಷ್ಟಿಯಿಂದ ಬಹುಶಃ ಅವರಿಗೆ ಕೊಡಲು ಅದಕ್ಕಿಂತ ಮಿಗಿಲಾದುದು ಇರಲಿಲ್ಲ.

ಇನ್ನು ವಿವಾಹ. 1792ರ ಸೆಪ್ಟೆಂಬರಿನಿಂದ ಇಂದಿನವರೆಗೆ ಫ್ರಾನ್ಸಿನಲ್ಲಿ ಕಾನೂನಿನ ದೃಷ್ಟಿಗೆ ಒಂದೇ ಮದುವೆಯುಂಟು: ಪುರಭವನದಲ್ಲಿ, ಮೇಯರನ ಅಥವಾ ಅವನ ಪ್ರತಿನಿಧಿಯ ಎದುರಿನಲ್ಲಿ ನಡೆಯತಕ್ಕದ್ದು. ಇಗರ್ಜಿಗೆ ಹೋಗುವವರು ಇದನ್ನು ಮುಗಿಸಿಕೊಂಡೇ ಹೋಗಬೇಕು. ಹತ್ತು ದಿನ ಮುಂಚಿತವಾಗಿ ಪ್ರಕಟಣೆಯನ್ನು ಅಂಟಿಸಬೇಕು. ಆಕ್ಷೇಪಣೆಯುಳ್ಳವರು ನಿರಾತಂಕವಾಗಿ ಒಳಗೆ ಬರುವಂತೆ ಮುಹೂರ್ತಕಾಲದಲ್ಲಿ ಪುರಭವನದ ಬಾಗಿಲುಗಳನ್ನು ತೆರೆದಿಟ್ಟಿರಬೇಕು. ಈ ನಿಯಮದ ಕೃಪೆಯಿಂದ, ಆಕ್ಷೇಪಣೆ ಯಾವುದೂ ಇಲ್ಲದ ನಾವೂ ಲುವಾರ್ ನದಿಯ ದಂಡೆಯ ಊರೊಂದರಲ್ಲಿ ಹಿಂದಿನ ಸಾಲಿನಲ್ಲಿ ನಿಂತು ಒಂದು ಮದುವೆಯನ್ನು ನೋಡಿದೆವು. ಮೂರು ಬಣ್ಣದ ಪಟ್ಟಿಯನ್ನು ಹೆಗಲಿಗೇರಿಸಿದ ಮೇಯರ್ ನಾಗರಿಕ ಸಂಹಿತೆಯ ಕಲಮುಗಳನ್ನು ಗಟ್ಟಿಯಾಗಿ ಓದಿದನು: ದಂಪತಿಗಳು ಪರಸ್ಪರ ಗೌರವ, ನಿಷ್ಠೆ, ನೆರವು, ಸಹಾಯಗಳಿಗೆ ಬದ್ಧರು. ಗೌರವವೆಂಬ ಮಾತು ಈ ಪಟ್ಟಿಗೆ ಸೇರಿದ್ದು 2006ರಲ್ಲಿ. ನೆಪೋಲಿಯನ್ನನ 1804ರ ಸಂಹಿತೆಯಲ್ಲಾದರೋ ಗಂಡನು ಹೆಂಡತಿಗೆ ರಕ್ಷಣೆಯನ್ನೂ, ಹೆಂಡತಿ ಗಂಡನಿಗೆ ವಿಧೇಯತೆಯನ್ನೂ ಸಲ್ಲಿಸತಕ್ಕದ್ದೆಂದಿತ್ತು. ಅವನು ಎಲ್ಲಿ ವಾಸಿಸಲು ನಿಶ್ಚಯಿಸಿದರೆ ಅಲ್ಲಿಗೆ ಅವಳು ಹಿಂಬಾಲಿಸತಕ್ಕದ್ದೆಂದೂ ಇತ್ತು. ವಿಧೇಯತೆಯನ್ನು 1938ರಲ್ಲಿ ತೆಗೆದರು. ಗಂಡನ ಅಪ್ಪಣೆಯಿಲ್ಲದೆ ಉದ್ಯೋಗ ಹಿಡಿಯುವ, ತನ್ನ ಹೆಸರಿನಲ್ಲಿ ಬ್ಯಾಂಕಿನ ಖಾತೆ ತೆರೆಯುವ ಹಕ್ಕು 1965ರಲ್ಲಿ ದೊರೆಯಿತು. ವಾಸಸ್ಥಳವನ್ನು ಇಬ್ಬರೂ ಕೂಡಿ ಆರಿಸಬೇಕೆಂಬ ವಿಧಿ 1975ರಲ್ಲಿ ಬಂದಿತು. ಈ ಚರಿತ್ರೆಯನ್ನು ನಾನು ರೈಲಿನಲ್ಲಿ ವಿವರಿಸಿದಾಗ ನನ್ನಾಕೆ ಕಿಟಕಿಯಿಂದ ದೃಷ್ಟಿಯನ್ನು ಕದಲಿಸದೆ, “ಅದಕ್ಕೆ ನೂರ ಎಪ್ಪತ್ತೊಂದು ವರ್ಷ ಬೇಕಾಯ್ತೇನ್ರೀ? ನಮ್ಮನೇಲಿ ಆರು ತಿಂಗಳೂ ಬೇಕಾಗಲಿಲ್ಲ” ಎಂದಳು.

ಶಾಸನ ಮುಗಿದೊಡನೆ ಭೋಜನ. ವಧೂವರರ ಗಾಡಿಯ ಹಿಂದೆ ನೆಂಟರ ಗಾಡಿಗಳೆಲ್ಲ ಹಾರನ್ನು ಬಾರಿಸುತ್ತ ಊರನ್ನು ಸುತ್ತುತ್ತವೆ. ಪರಿಚಯಸ್ಥರಿಗೆಲ್ಲ ಗೌರವಪಾನವಾದ ಬಳಿಕ ಆಪ್ತರು ಮಾತ್ರ ಮೇಜಿಗೆ ಕುಳಿತರೆ, ಎದ್ದೇಳುವುದು ಯಾವ ಹೊತ್ತಿಗೋ ಹೇಳಲಾಗದು. ಕೆನೆ ತುಂಬಿದ ಪುಟ್ಟ ಪುಟ್ಟ ಉಂಡೆಗಳನ್ನು ಸಕ್ಕರೆಯ ಪಾಕದಿಂದ ಅಂಟಿಸಿ ಗೋಪುರದಂತೆ ಏರಿಸಿದ ಕ್ರೋಕಾಂಬೂಶ್ ನಡುರಾತ್ರಿಯ ಸುಮಾರಿಗೆ ಬರುತ್ತದೆ. ಸಕ್ಕರೆ ಲೇಪಿಸಿದ ಬಾದಾಮಿಗಳ ಪೊಟ್ಟಣವನ್ನು ಅತಿಥಿಗಳು ಮನೆಗೊಯ್ಯುತ್ತಾರೆ. ಬೆಳಗಿನ ಜಾವದವರೆಗೆ ಕುಣಿದವರಿಗೆ ಈರುಳ್ಳಿಯ ಸಾರು ಕಾದಿರುತ್ತದೆ. ಫ್ಲೋಬೇರನು ತನ್ನ ‘ಮದಾಂ ಬೊವಾರಿ’ ಕಾದಂಬರಿಯಲ್ಲಿ ವರ್ಣಿಸಿದ ನಾರ್ಮಂಡಿಯ ಮದುವೆಯಲ್ಲಿ ನಲವತ್ತಮೂರು ಮಂದಿ ಹದಿನಾರು ಗಂಟೆಗಳ ಕಾಲ ಮೇಜನ್ನು ಬಿಟ್ಟೇಳಲಿಲ್ಲ. ಅಂತಹ ಊಟದಿಂದ ಆರಂಭವಾದ ಆ ಸಂಸಾರ ಎಂತಹ ದುರಂತದಲ್ಲಿ ಮುಗಿಯಿತೆಂಬುದನ್ನು ಓದಿದವರು ಬಲ್ಲರು. ಆದುದರಿಂದ ಮದುವೆಯ ದಿನದ ಊಟವೇ ದಾಂಪತ್ಯದ ಭದ್ರತೆಯೆಂದು ಫ್ರೆಂಚರೂ ವಾದಿಸಲಾರರು.

ಭದ್ರತೆ ಪ್ರತಿದಿನದ ಊಟದಲ್ಲಿದೆಯೆಂದು ವಾದಿಸಿದವನು ಬ್ರಿಯಾ-ಸಾವರಾಂ. 1755ರಲ್ಲಿ ಬೆಲ್ಲೇ ಎಂಬ ಊರಿನಲ್ಲಿ ಹುಟ್ಟಿ, ವಕೀಲನಾಗಿ, ಅದೇ ಊರಿನ ಮೇಯರನಾಗಿ, ಕ್ರಾಂತಿಯ ಉತ್ಪಾತಕ್ಕೆ ಹೆದರಿ ಅಮೆರಿಕಕ್ಕೆ ಓಡಿ, ನ್ಯೂಯಾರ್ಕಿನ ನಾಟಕಶಾಲೆಯಲ್ಲಿ ಪಿಟೀಲು ಬಾರಿಸಿ ಹೊಟ್ಟೆ ಹೊರೆದು, ಹಿಂದಿರುಗಿ ಉನ್ನತ ನ್ಯಾಯಾಲಯದಲ್ಲಿ ನ್ಯಾಯಾಧೀಶನಾಗಿದ್ದ ಆತನು, 1825ರ ಕೊನೆಯಲ್ಲಿ ರುಚಿಯನ್ನು ಕುರಿತ ತನ್ನ ಮಹಾಗ್ರಂಥವನ್ನು ಹೆಸರು ಹಾಕದೆ ಪ್ರಕಟಿಸಿ, ಕೆಲವೇ ವಾರಗಳಲ್ಲಿ ತೀರಿಕೊಂಡನು. ಗಂಡಹೆಂಡಿರಿಬ್ಬರಿಗೂ ರುಚಿಯಲ್ಲಿ ಆಸಕ್ತಿಯಿದ್ದರೆ ದಿನಕ್ಕೊಮ್ಮೆಯಾದರೂ ಅವರು ಸಂತೋಷದಿಂದ ಸೇರಲು ಕಾರಣವಿರುತ್ತದೆ, ಬೇರೆ ಬೇರೆ ಕೋಣೆಗಳಲ್ಲಿ ಮಲಗುವವರೂ ಒಂದೇ ಮೇಜಿನಲ್ಲಿ ಉಣ್ಣುತ್ತಾರೆ, ಆ ಮೇಜಿನಲ್ಲಿ ಮಾತಿಗೆ ವಿಷಯವೆಂದಿಗೂ ಬತ್ತುವುದಿಲ್ಲ ಎಂಬುದು ಆತನ ಸಿದ್ಧಾಂತ. ಇಷ್ಟನ್ನು ಬರೆದ ಪುಣ್ಯಾತ್ಮ ಜೀವಮಾನವೆಲ್ಲ ಬ್ರಹ್ಮಚಾರಿಯಾಗಿಯೇ ಉಳಿದನು. ಆದರೂ ಸಿದ್ಧಾಂತ ಸುಳ್ಳಾಗಲಿಲ್ಲವೆಂದು, ಅದನ್ನು ಪರೀಕ್ಷಿಸುವ ಅರ್ಹತೆಯುಳ್ಳ ನಾನು ಹೇಳಬಲ್ಲೆ. ರೈಲು ತಪ್ಪಿದುದಕ್ಕಾಗಿ, ನಕ್ಷೆಯನ್ನು ಯಾರು ತಲೆಕೆಳಗಾಗಿ ಹಿಡಿದರೆಂಬುದಕ್ಕಾಗಿ, ಮ್ಯೂಸಿಯಮ್ಮಿಗೋ ಮಾರುಕಟ್ಟೆಗೋ ಎಂಬುದಕ್ಕಾಗಿ ಬೆಳಗಿನಿಂದ ನಡೆದ ನಮ್ಮ ವಾಗ್ವಾದಗಳೆಲ್ಲ ಸಂಜೆ ಮೇಜಿನ ಮುಂದೆ ಕುಳಿತು, ಬಡಿಸುವವನು ಒಂದಾದ ಮೇಲೊಂದರಂತೆ ತಟ್ಟೆಗಳನ್ನು ತರುವ ದೀರ್ಘವಾದ ಅವಕಾಶದಲ್ಲಿ, ತಮ್ಮಷ್ಟಕ್ಕೆ ಕರಗಿಹೋಗುತ್ತಿದ್ದುವು. ಒಂದು ರಾತ್ರಿ ಲಿಯೋಂ ನಗರದಲ್ಲಿ ಆಕೆ ರೊಟ್ಟಿಯನ್ನು ಮುರಿಯುತ್ತ, “ನಾವಿಬ್ಬರೂ ಒಟ್ಟಿಗೆ ಕೂತು ಶುರುಮಾಡಿ ಒಟ್ಟಿಗೆ ಮುಗಿಸೋ ಊಟ ಈ ದೇಶದಲ್ಲೇ ಮೊದಲು ನೋಡಿ” ಎಂದಳು.

ಫ್ರೆಂಚರ ಸುಖಶಾಸ್ತ್ರದ ಸಾರವೆಲ್ಲ ಆ ಮಾತಿನಲ್ಲಿದೆಯೆಂದು ನನ್ನ ಎಣಿಕೆ. ಅವರ ಚೀಸನ್ನೂ ನಕ್ಷತ್ರಗಳನ್ನೂ ಐದು ವಾರಗಳ ರಜೆಯನ್ನೂ ನಾವು ತರಲಾರೆವು. ತರಬೇಕಾದ ಅಗತ್ಯವೂ ಇಲ್ಲ. ನಮ್ಮ ಅಡಿಗೆ ಯಾವ ದೇಶದ ಅಡಿಗೆಗೂ ಕಡಮೆಯದಲ್ಲ. ಕಡಮೆಯಾದುದು ಅದನ್ನು ಬೇಯಿಸಿದವಳಿಗೆ ಪಂಕ್ತಿಯಲ್ಲಿ ಬಿಸಿಬಿಸಿಯಾಗಿ ಉಣ್ಣುವ ಸ್ಥಾನ. ಗಂಡನೂ ಮಕ್ಕಳೂ ಉಂಡೆದ್ದ ಮೇಲೆ ಆರಿದ ಅನ್ನಕ್ಕೆ ಅಡಿಸಾರನ್ನು ಬೆರೆಸಿಕೊಂಡು ಒಬ್ಬಳೇ ಕುಳಿತುಣ್ಣುವ ಗೃಹಿಣಿಯರು ನಮ್ಮ ಮನೆಗಳಲ್ಲಿ ಇಂದಿಗೂ ವಿರಳರಲ್ಲ. ಫ್ರಾನ್ಸಿಗೆ ಹೋಗುವ ಕನ್ನಡಿಗ ದಂಪತಿಗಳಿಗೆ ನನ್ನ ಸೂಚನೆ ಇಷ್ಟೆ: ಅಂಗಡಿಯನ್ನು ಹೊಕ್ಕೊಡನೆ ಮೊದಲು “ಬೊಂಜೂರ್” ಎನ್ನಿರಿ, ಹನ್ನೆರಡೂವರೆಗೆ ಮೇಜಿನ ಮುಂದಿರಿ, ಕೈಚೀಲದಲ್ಲಿ ಚಟ್ನಿಪುಡಿ ಇರಲಿ. ಹೋಗದೆ ಇಲ್ಲಿಯೇ ಇರುವ ಗಂಡಂದಿರಲ್ಲಿ ವಿನಂತಿ ಇನ್ನೂ ಸುಲಭವಾದುದು: ಪಾತ್ರೆಗಳನ್ನೆಲ್ಲ ನಡುವೆ ತಂದಿಡಿರಿ, ಬೇಕಾದುದನ್ನು ನೀವೇ ಬಡಿಸಿಕೊಳ್ಳಿರಿ, ಆಕೆ ಕುಳಿತ ಮೇಲೆಯೇ ಮೊದಲ ತುತ್ತನ್ನು ಎತ್ತಿರಿ.